ಬಾಣಂತಿ ಕೋಣೆಗೆ ಒಂದು ಟನ್

ಈಗಲೂ ಜನ ನನಗೆ ಫೋನ್ ಮಾಡಿ ಕೇಳುತ್ತಾರೆ. ಕೋಣೆ ಹತ್ತಡಿಗೆ ಹನ್ನೆರಡಡಿ ಇದೆ, ಎಷ್ಟು ಟನ್ನಿನ ಏಸಿ ಹಾಕಬೇಕು ಅಂತ. ನಾನು ತಿರುಗಿ ಕೇಳುತ್ತೇನೆ, ಆ ಕೋಣೆಯಲ್ಲಿ ಏನೇನು ನಡೆಯುತ್ತದೆ? ಅತ್ತ ಕಡೆಯ ಕೆಲವರಿಗೆ ಸಿಟ್ಟು ಬರುತ್ತದೆ. ಮಲಗುವ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ಕೇಳುವ ಈ ಮುದುಕನಿಗೆ ಮಾನ ಮರ್ಯಾದೆ ಇಲ್ಲವೇ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ನನಗೇನು? ಈ ಪ್ರಶ್ನೆಯನ್ನು ನಾನು ಕಲಿತದ್ದು ಪುಸ್ತಕ ಓದಿ ಅಲ್ಲ, ಮುಂಬಯಿಯ ಉಸ್ತಾದನಿಂದಲೂ ಅಲ್ಲ. ಮೀನು ಮಾರುತ್ತಿದ್ದ ನನ್ನ ಅಮ್ಮನಿಂದ. ಅದೂ ಸುಮ್ಮನೆ ಕಲಿಯಲಿಲ್ಲ, ಮುಖಕ್ಕೆ ಮಂಗಳಾರತಿ ಮಾಡಿಸಿಕೊಂಡು ಕಲಿತೆ.

ನಮ್ಮ ಮನೆ ಭಟ್ಕಳ ತಾಲೂಕಿನ ಮಾವಳ್ಳಿಯಲ್ಲಿ. ಅಪ್ಪ ದೋಣಿಯ ಕೆಲಸದವನು, ನಾನು ಶಾಲೆಗೆ ಹೋಗುವಾಗಲೇ ಕಾಯಿಲೆ ಬಿದ್ದು ತೀರಿಕೊಂಡ. ಅಮ್ಮ ಕುಮಟಾ ತಾಲೂಕಿನ ಅಘನಾಶಿನಿಯಲ್ಲಿ ಹುಟ್ಟಿದವಳು, ಹೊಳೆಯಲ್ಲಿ ಸೊಂಟದ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತ ಬೆಳೆದವಳು. ಮಾವಳ್ಳಿಗೆ ಬಂದ ಮೇಲೆ ಬುಟ್ಟಿ ಹೊತ್ತಳು. ಬೆಳಿಗ್ಗೆ ದೋಣಿ ಬಂದಲ್ಲಿ ಮೀನು ತೆಗೆದುಕೊಂಡು, ಬಸ್ಸಿನ ಹಿಂದಿನ ಸೀಟಿನಲ್ಲಿ ಕಂಡಕ್ಟರನ ಹತ್ತಿರ ಜಗಳಾಡುತ್ತ ಭಟ್ಕಳಕ್ಕೆ ಹೋಗಿ, ಅಲ್ಲಿ ಹದಿನೈದು ಮನೆಗಳ ಹಿತ್ತಿಲ ಬಾಗಿಲಿಗೆ ಮೀನು ಕೊಟ್ಟು ಬರುತ್ತಿದ್ದಳು. ಹೆಚ್ಚಿನವು ನವಾಯತ ಮುಸ್ಲಿಮರ ಮನೆಗಳು. ಯಾವ ಮನೆಯಲ್ಲಿ ಯಾರಿಗೆ ಮುಳ್ಳು ಕಡಿಮೆಯ ಮೀನು ಬೇಕು, ಯಾರ ಮಗಳು ತವರಿಗೆ ಬಂದಿದ್ದಾಳೆ, ಯಾರ ಮಗ ದುಬೈಯಿಂದ ಬರುತ್ತಾನೆ, ಎಲ್ಲ ಅವಳ ತಲೆಯಲ್ಲಿತ್ತು.

ನಾನು ಎಪ್ಪತ್ತರ ದಶಕದ ಮಧ್ಯದಲ್ಲಿ ಮುಂಬಯಿಗೆ ಹೋದೆ. ಫ್ರಿಜ್ಜು, ಏಸಿ ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ಆರು ವರ್ಷ ಕೆಲಸ ಮಾಡಿದೆ. ಕೆಲಸ ಚೆನ್ನಾಗಿಯೇ ಬಂತು, ಊರು ಮಾತ್ರ ನನಗೆ ಒಗ್ಗಲಿಲ್ಲ. ಹಗಲಿಡೀ ಸಾಹುಕಾರರ ಬೆಡ್‌ರೂಮು ತಣ್ಣಗೆ ಮಾಡಿ ಬಂದು, ರಾತ್ರಿ ಹನ್ನೊಂದು ಜನರ ಖೋಲಿಯಲ್ಲಿ ಒಬ್ಬನ ಕಾಲಿಗೆ ಇನ್ನೊಬ್ಬನ ತಲೆ ತಾಗಿಸಿ ಮಲಗುವುದು. ಅದು ಕಷ್ಟ ಅಂತ ನಾನು ಯಾರಿಗೂ ಹೇಳುತ್ತಿರಲಿಲ್ಲ, ಆದರೆ ಊರಿನ ಬಸ್ಸಿನ ಬೋರ್ಡು ಕಂಡರೆ ಸಾಕು, ಅದು ಮರೆಯಾಗುವವರೆಗೆ ನೋಡುತ್ತ ನಿಂತುಬಿಡುತ್ತಿದ್ದೆ. ಎಂಬತ್ತರ ದಶಕ ಶುರುವಾದಾಗ ಭಟ್ಕಳದಲ್ಲಿ ಗಲ್ಫಿನ ದುಡ್ಡಿನಿಂದ ಮನೆಮನೆಗೆ ಫ್ರಿಜ್ಜು ಬಂದಿತ್ತು. ಇಲ್ಲೇ ಏಕೆ ಅಂಗಡಿ ಹಾಕಬಾರದು ಅನಿಸಿತು. ಮುಂಬಯಿಯಲ್ಲಿ ಕೆಲಸ ಕಲಿಸಿದ ಉಸ್ತಾದ ಒಳ್ಳೆಯ ಮನುಷ್ಯ. ಮಳೆಗಾಲ ಶುರುವಾಗುವವರೆಗೆ ನಿನ್ನ ಜಾಗ ಖಾಲಿ ಇಟ್ಟಿರುತ್ತೇನೆ, ನಡೆಯದಿದ್ದರೆ ಬಾ ಎಂದು ಹೇಳಿ ಕಳಿಸಿದ.

ಬಜಾರಿನ ಒಂದು ಸಂದಿಯಲ್ಲಿ ಅಂಗಡಿ ತೆರೆದೆ. ಅಂಗಡಿ ಎಂದರೆ ಒಂದು ಬೆಂಚು, ಒಂದು ಗ್ಯಾಸ್ ಸಿಲಿಂಡರು, ನಾನು. ಜನವರಿ ಹೋಯಿತು, ಫೆಬ್ರವರಿ ಹೋಯಿತು. ಜಪಾನಿನ ಫ್ರಿಜ್ಜುಗಳು ಒಂದೂ ಕೆಡುತ್ತಿರಲಿಲ್ಲ, ದರಿದ್ರದವು. ಫ್ರಿಜ್ಜಿನ ಬಾಗಿಲ ರಬ್ಬರು ಬದಲಾಯಿಸಿ ಎಷ್ಟು ದಿನ ಬದುಕುವುದು? ಊರಿಗೆ ಏಸಿ ಆಗಷ್ಟೇ ಕಾಲಿಡುತ್ತಿತ್ತು. ಅದರ ಕೆಲಸ ಸಿಕ್ಕರೆ ಅಂಗಡಿ ನಿಲ್ಲುತ್ತದೆ, ಇಲ್ಲವಾದರೆ ಜೂನಿಗೆ ನಾನು ಮತ್ತೆ ಹನ್ನೊಂದು ಜನರ ಖೋಲಿಗೆ ವಾಪಸು. ಅಮ್ಮ ಹೋಗು ಅನ್ನಲಿಲ್ಲ, ಹೋಗಬೇಡ ಅಂತಲೂ ಅನ್ನಲಿಲ್ಲ. ಊಟಕ್ಕೆ ಬಡಿಸುವಾಗ ಮಾತ್ರ ಬಂಗಡೆಯ ದೊಡ್ಡ ತುಂಡನ್ನು ನನ್ನ ಬಟ್ಟಲಿಗೇ ಹಾಕುತ್ತಿದ್ದಳು, ನಾಳೆಯೇ ಹೊರಟುಬಿಡುತ್ತಾನೆ ಅನ್ನುವವಳ ಹಾಗೆ.

ಮಾರ್ಚಿನಲ್ಲಿ ಆ ಕೆಲಸ ಬಂತು, ಅಮ್ಮನ ಬುಟ್ಟಿಯ ಜೊತೆಗೇ ಬಂತು.

ಅವಳು ಮೀನು ಕೊಡುವ ಒಂದು ದೊಡ್ಡ ಮನೆ. ಆ ಮನೆಯ ಹಿರಿಯಮ್ಮನಿಗೂ ಅಮ್ಮನಿಗೂ ಇಪ್ಪತ್ತು ವರ್ಷದ ಜಗಳ, ಇಪ್ಪತ್ತು ವರ್ಷದ ಸ್ನೇಹ. ಹಿರಿಯಮ್ಮನ ಕಿರಿಯ ಮಗಳು ಬಸುರಿ, ಮೇ ತಿಂಗಳಿಗೆ ದಿನ. ಅವಳ ಅಕ್ಕ ಹಿಂದೊಂದು ಬೇಸಿಗೆಯಲ್ಲಿ ಬಾಣಂತಿಯಾಗಿದ್ದಾಗ ತಾಯಿ ಮಗು ಇಬ್ಬರ ಮೈಮೇಲೂ ಬೆವರುಸಾಲೆ ಎದ್ದು, ನಲವತ್ತು ದಿನ ಮನೆಯವರು ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲವಂತೆ. ಈ ಸಲ ದುಬೈಯಲ್ಲಿದ್ದ ಅಳಿಯ ಬರೆದಿದ್ದ, ಬಾಣಂತಿ ಕೋಣೆಗೆ ಏಸಿ ಹಾಕಿಸಿ ಅಂತ. ಎಷ್ಟು ದೊಡ್ಡದು ಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಹಿತ್ತಿಲ ಬಾಗಿಲಲ್ಲಿ ಈ ಮಾತು ಬಂದಾಗ ಅಮ್ಮ ಬುಟ್ಟಿ ಇಳಿಸಿ, ನನ್ನ ಮಗ ಇರುವಾಗ ಬೇರೆ ಯಾರನ್ನು ಕೇಳುತ್ತೀರಿ ಅಂದಳಂತೆ.

ಬೇರೆಯವರನ್ನು ಕೇಳಿಯಾಗಿತ್ತು. ಹಿರಿಯಮ್ಮನ ತಮ್ಮ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಮನೆಯ ಗಂಡಸರೆಲ್ಲ ಪರದೇಶದಲ್ಲಿದ್ದುದರಿಂದ ಹೊರಗಿನ ವ್ಯವಹಾರ ಅವರದೇ. ಅವರ ಲೆಕ್ಕ ಸರಳ. ಪಕ್ಕದ ಮನೆಯವರು ಒಂದೂವರೆ ಟನ್ ಹಾಕಿಸಿದ್ದಾರೆ, ನಮ್ಮದು ಎರಡಾದರೂ ಬೇಡವೇ? ನಾನು ಅವರ ಅಂಗಡಿಯ ಜಮಖಾನದ ಮೇಲೆ ಕೂತು ಅರ್ಧ ಗಂಟೆ ಬಾಯಿ ನೋಯಿಸಿಕೊಂಡೆ. ಏಸಿ ಅಂದರೆ ಮದುವೆಯ ಬಿರಿಯಾನಿ ಅಲ್ಲ, ಉಳಿದರೆ ಉಳಿಯಲಿ ಎಂದು ಜಾಸ್ತಿ ಮಾಡಿಸಲಿಕ್ಕೆ. ಕೋಣೆಗೆ ಮೀರಿದ ಯಂತ್ರ ಹಾಕಿದರೆ ಐದು ನಿಮಿಷಕ್ಕೆ ಗಾಳಿ ತಣ್ಣಗಾಗಿ ಯಂತ್ರ ನಿಂತುಬಿಡುತ್ತದೆ, ಗಾಳಿಯಲ್ಲಿದ್ದ ಪಸೆ ಹಾಗೆಯೇ ಉಳಿಯುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅರ್ಧ ಬಿಸಿಲು, ಅರ್ಧ ನೀರು. ಆ ನೀರನ್ನು ಹಿಂಡಿ ಹೊರಗೆ ಹಾಕಬೇಕಾದರೆ ಯಂತ್ರ ನಿಧಾನವಾಗಿ, ತುಂಬ ಹೊತ್ತು ಓಡಬೇಕು. ಹಾಗೆ ಓಡಬೇಕಾದರೆ ಅದು ಕೋಣೆಗೆ ತಕ್ಕಷ್ಟೇ ಇರಬೇಕು. ಇಲ್ಲವಾದರೆ ಚಳಿಯೂ ಆಗುತ್ತದೆ, ಮೈ ಅಂಟಂಟೂ ಆಗುತ್ತದೆ, ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ. ಅವರು ಬಟ್ಟೆಯ ಥಾನು ಸುತ್ತುತ್ತ ಎಲ್ಲ ಕೇಳಿ, ಸರಿ, ನೀನು ಹೇಳಿದಷ್ಟೇ ತರಿಸುತ್ತೇನೆ, ತಪ್ಪಿದರೆ ಮಾತ್ರ ನೋಡು ಅಂದರು.

ನನ್ನ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇವತ್ತಿಗೂ ಅದೇ ಸತ್ಯ. ತಪ್ಪಾದದ್ದು ಬೇರೆ ಕಡೆ.

ಕೋಣೆಯ ಅಳತೆ ಬೇಕಿತ್ತು. ಅದು ಮನೆಯ ಒಳಭಾಗದ ಹೆಂಗಸರ ಕೋಣೆ. ದಿನ ತುಂಬುತ್ತಿದ್ದ ಮಗಳು ಅಲ್ಲೇ ಮಲಗಿರುತ್ತಿದ್ದಳು. ಯಂತ್ರ ಕೂರಿಸುವ ದಿನ ಒಂದು ಬೆಳಿಗ್ಗೆ ಅವಳನ್ನು ಬೇರೆ ಕಡೆ ಕಳಿಸಿ ಜಾಗ ಬಿಡಬಹುದು, ಬರೀ ಅಳತೆಗಾಗಿ ಅವಳನ್ನು ಎಬ್ಬಿಸುವುದು ಸರಿಯಲ್ಲ ಎಂದು ಮನೆಯವರು ಅಂದರು. ನನಗೂ ಅದು ಸರಿ ಕಂಡಿತು. ಅಮ್ಮ, ಅದಕ್ಕೆ ನೀ ಎಂತಕೆ, ನಾ ಅಳೆದು ಬರುತ್ತೇನೆ ಅಂದಳು. ಟೇಪು ಕೊಡಲು ಹೋದರೆ ಬೇಡ ಎಂದಳು, ಆ ಗೆರೆಗಳು ಅವಳಿಗೆ ತಿಳಿಯುತ್ತಿರಲಿಲ್ಲ. ಬಲೆ ಹೆಣೆಯುವ ಹಸಿರು ನೈಲಾನ್ ದಾರ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಮಧ್ಯಾಹ್ನ ವಾಪಸು ಬಂದು ಅಂಗಡಿಯ ಬೆಂಚಿನ ಮೇಲೆ ಎರಡು ತುಂಡು ದಾರ ಇಟ್ಟಳು, ಗಂಟು ಹಾಕಿದ್ದು ಉದ್ದ, ಗಂಟಿಲ್ಲದ್ದು ಅಗಲ. ಟೇಪು ಹಿಡಿದು ನೋಡಿದೆ. ಹನ್ನೆರಡು ಅಡಿ, ಹನ್ನೊಂದು ಅಡಿ. ಮೇಲೆ ಹಲಗೆಯ ಮುಚ್ಚಿಗೆ ಇದೆ, ಒಂದೇ ಕಿಟಕಿ ಎಂದು ಅವಳೇ ಹೇಳಿದಳು. ಬಾಣಂತಿ ಒಬ್ಬಳು, ಕೂಸು ಒಂದು, ನೋಡಿಕೊಳ್ಳುವವರು ಒಬ್ಬರು. ಮುಂಬಯಿಯಲ್ಲಿ ಕಲಿತ ಲೆಕ್ಕ ಹಾಕಿದೆ, ಕಣ್ಣು ಮುಚ್ಚಿ ಹೇಳಬಹುದು, ಒಂದು ಟನ್ ಸಾಕು.

ಅಮ್ಮ ಇನ್ನೂ ನಿಂತೇ ಇದ್ದಳು.

"ಉದ್ದ ಅಗಲ ಆತು. ಆ ಕೋಣೀಲಿ ಬಾಣಂತನ ಹೆಂಗೆ ಮಾಡ್ತರೆ, ಅದನ್ನ ಕೇಳುದಿಲ್ವಾ ನೀನು?"

ನಾನು ಅಳತೆ ಸಾಕು, ಮನೆಪುರಾಣ ಬೇಡ ಎಂದೆ. ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡು ಬೇರೆ. ಎಂಥ ಜಂಭ ನೋಡಿ ನನ್ನದು.

"ಮೀನು ತಕಂಬಾಗ ಯಾರಾದ್ರೂ ಬುಟ್ಟಿ ಉದ್ದ ಅಗಲ ಕೇಳ್ತರಾ ಮಗಾ? ಮನೇಲಿ ಉಂಬವರು ಎಷ್ಟು ಜನ, ಅದನ್ನಲ್ಲವಾ ಕೇಳುದು," ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಖಾಲಿ ಬುಟ್ಟಿ ಎತ್ತಿಕೊಂಡು ಬಸ್ಸಿಗೆ ನಡೆದಳು.

ಏಪ್ರಿಲ್ ಕೊನೆಗೆ ಯಂತ್ರ ಮಂಗಳೂರಿನಿಂದ ಲಾರಿಯಲ್ಲಿ ಬಂತು. ಕರೆಂಟು ಏರಿಳಿಯುವ ಊರು ನಮ್ಮದು, ಅದಕ್ಕೊಂದು ಸ್ಟೆಬಿಲೈಸರು ಬೇಕು. ಅದಕ್ಕಾಗಿ ಹೊನ್ನಾವರವೆಲ್ಲ ಹುಡುಕಿ ಕೊನೆಗೆ ಕುಮಟಾದಲ್ಲಿ ಸಿಕ್ಕಿದ್ದನ್ನು ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಕೂರಿಸುವ ದಿನ ಹೆಂಗಸರೆಲ್ಲ ಮನೆಯ ಆಚೆ ಬದಿಗೆ ಹೋಗಿದ್ದರು. ಕೋಣೆ ಗುಡಿಸಿ ಒರೆಸಿ ಖಾಲಿ ಮಾಡಿದ್ದರು, ಇದ್ದದ್ದು ಒಂದು ಮಂಚ ಮಾತ್ರ. ಬಡಗಿ ಕಿಟಕಿಯ ಸರಳು ತೆಗೆದು ಚೌಕಟ್ಟು ಹಾಕಿಕೊಟ್ಟ. ನೀರು ಹೊರಗೆ ಇಳಿಯಲಿ ಎಂದು ಯಂತ್ರವನ್ನು ತುಸು ಹಿಂದಕ್ಕೆ ವಾಲಿಸಿ ಕೂರಿಸಿದೆ. ಸ್ವಿಚ್ಚು ಹಾಕಿದ ಹತ್ತು ನಿಮಿಷಕ್ಕೆ ನನ್ನ ಬೆನ್ನ ಬೆವರು ಆರಿತು. ಅಯ್ಯೋ, ಆ ಸಂತೋಷವನ್ನು ಹೇಗೆ ಹೇಳಲಿ? ಮುಂಬಯಿಯಲ್ಲಿ ನೂರು ಯಂತ್ರ ಕೂರಿಸಿದ್ದೆ, ಒಂದೂ ನನ್ನದು ಅನಿಸಿರಲಿಲ್ಲ.

ಆಮೇಲಿನ ಒಂದು ವಾರ ಓಣಿಯ ಹೆಂಗಸರು, ಮಕ್ಕಳು ಸರದಿಯಲ್ಲಿ ಬಂದು ತಣ್ಣನೆ ಗಾಳಿ ನೋಡಿ ಹೋದರು. ಹೌದು, ನೋಡಲಿಕ್ಕೇ ಬಂದದ್ದು. ಅಮ್ಮನೂ ಹೋಗಿ ಒಂದು ನಿಮಿಷ ನಿಂತು ಬಂದು, ಐಸಿನ ಪೆಟ್ಟಿಗೆಯಲ್ಲಿ ಬಂಗಡೆಗೆ ಹೀಗೇ ಅನಿಸುತ್ತಿರಬೇಕು ಎಂದಳು. ಬಟ್ಟೆ ಅಂಗಡಿಯವರು ಬಜಾರಿನಲ್ಲಿ ಸಿಕ್ಕಿದವರಿಗೆಲ್ಲ ನನ್ನನ್ನು ತೋರಿಸಿ, ಹುಡುಗ ಕಡಿಮೆ ಮಾತಾಡುತ್ತಾನೆ, ಲೆಕ್ಕ ಸರಿ ಇದೆ ಎನ್ನುತ್ತಿದ್ದರು. ನಾನು ಕಡಿಮೆ ಮಾತಾಡುತ್ತೇನೆ ಅಂತ ನನ್ನ ಬದುಕಿನಲ್ಲಿ ಅಂದವರು ಅವರೊಬ್ಬರೇ.

ಮೇ ಎರಡನೇ ವಾರ ಹೊನ್ನಾವರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಸಿಹಿ ನಮ್ಮ ಮನೆಗೂ ಬಂತು. ತಾಯಿ ಮಗುವನ್ನು ಮನೆಗೆ ಕರೆತಂದು ಒಂದು ರಾತ್ರಿ ಕಳೆದಿತ್ತು, ಬೆಳಿಗ್ಗೆ ಬಟ್ಟೆ ಅಂಗಡಿಯವರು ನನ್ನ ಬೆಂಚಿನ ಮುಂದೆ ಬಂದು ನಿಂತರು. ಯಂತ್ರ ಓಡುತ್ತದೆ, ಕೋಣೆ ಮಾತ್ರ ಒಲೆಯ ಹಾಗಿದೆ, ಹೋಗಿ ನೋಡು ಅಂದರು. ಅಷ್ಟೇ ಅಂದರು, ಬೈಯಲಿಲ್ಲ.

ಈಗ ಒಳಗೆ ಹೋಗುವ ಮಾತೇ ಇಲ್ಲ, ಬಾಣಂತಿ ಇದ್ದಾಳೆ. ಓಣಿಯ ಬದಿಯಿಂದ ಏಣಿ ಹಾಕಿ ಯಂತ್ರದ ಬೆನ್ನು ನೋಡಿದೆ. ಕಂಪ್ರೆಸರು ಸರಿ ಇದೆ, ಗ್ಯಾಸು ಸರಿ ಇದೆ, ಕರೆಂಟು ಸರಿ ಇದೆ. ಹಿಂದಿನಿಂದ ಬರುವ ಗಾಳಿ ಮಾತ್ರ ಮುಖ ಸುಡುವಷ್ಟು ಬಿಸಿ, ಜೊತೆಗೆ ಒಂದು ಬಗೆಯ ಲೋಬಾನದ ವಾಸನೆ. ಶುಕ್ರವಾರ ಅಲ್ಲವೇ, ಮನೆಯಲ್ಲಿ ಧೂಪ ಹಾಕಿರಬೇಕು ಅಂದುಕೊಂಡೆ. ಒಳಗಿನ ಫಿಲ್ಟರನ್ನು ಬಿಚ್ಚಿ ಕಳಿಸಿ ಎಂದೆ. ಅಡುಗೆಯವಳು ತಂದುಕೊಟ್ಟಳು. ಹದಿನೈದು ದಿನದ ಹಿಂದೆ ಹಾಕಿದ ಹೊಸ ಫಿಲ್ಟರು ಬೂದಿ ಬಣ್ಣಕ್ಕೆ ತಿರುಗಿತ್ತು. ಹೈವೇಯ ಧೂಳು ಎಂದು ಬೈದುಕೊಂಡು ಬಾವಿಕಟ್ಟೆಯಲ್ಲಿ ತೊಳೆದು ಕೊಟ್ಟೆ. ಮರುದಿನ ಅದೇ ದೂರು, ಅದೇ ಬೂದಿ, ಅದೇ ವಾಸನೆ. ಶನಿವಾರವೂ ಧೂಪ ಹಾಕುತ್ತಾರೆಯೇ ಎಂದು ಒಂದು ಸಲವಾದರೂ ಯೋಚಿಸಬೇಕಿತ್ತು ನಾನು. ಯೋಚಿಸಲಿಲ್ಲ. ತಲೆ ಇರುವುದು ಪೆನ್ಸಿಲ್ಲು ಸಿಕ್ಕಿಸಲಿಕ್ಕೆ ಮಾತ್ರ ಅಂತ ಕಾಣುತ್ತದೆ.

ಆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಎರಡು ಟನ್ನೇ ಸರಿ ಇತ್ತು, ನಾನು ನನ್ನ ಜಾಣತನ ತೋರಿಸಲು ಹೋಗಿ ಆ ಹಸುಗೂಸನ್ನು ಬೇಯಿಸುತ್ತಿದ್ದೇನೆ ಅನಿಸಿತು. ಮುಂಬಯಿಯ ಬಸ್ಸು ಯಾವಾಗ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಆದರೆ ಒಂದು ವಿಚಿತ್ರ. ಬಜಾರಿನಲ್ಲಿ ಯಾರೂ ನನ್ನನ್ನು ಆಡಿಕೊಳ್ಳಲಿಲ್ಲ, ಯಾರಿಗೂ ವಿಷಯವೇ ಗೊತ್ತಿದ್ದಂತಿರಲಿಲ್ಲ. ಅಮ್ಮನಂತೂ ಹಾಯಾಗಿದ್ದಳು. ಸಂಜೆ ಬಂದವಳು, ಕೂಸನ್ನು ಹಿತ್ತಿಲ ಬಾಗಿಲಿಗೆ ತಂದು ತೋರಿಸಿದರೆಂದೂ, ಮೂಗು ಥೇಟು ಅಜ್ಜಿಯದೇ ಎಂದೂ, ಪಾಪ ಹೆಣ್ಣು ಕೂಸಿಗೆ ಅಂಥ ಮೂಗು ಬರಬಾರದಿತ್ತು ಎಂದೂ ಹೇಳಿ ನಗುತ್ತಿದ್ದಳು. ನನ್ನ ಯಂತ್ರ ಅಲ್ಲಿ ಮಾನ ಕಳೆಯುತ್ತಿರುವಾಗ ಇವಳಿಗೆ ಕೂಸಿನ ಮೂಗು! ನನಗೆ ಮೈ ಉರಿಯುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಅವಳು ಹೊರಡುವಾಗ ನಾನು ಹೇಳಿಬಿಟ್ಟೆ, ಇವತ್ತು ಹೋಗಿ ತಪ್ಪು ಒಪ್ಪಿಕೊಳ್ಳುತ್ತೇನೆ, ಇದನ್ನು ತೆಗೆದು ಎರಡು ಟನ್ನಿನದು ತರಿಸಲು ಹೇಳುತ್ತೇನೆ, ಆಮೇಲೆ ಮುಂಬಯಿಗೆ ಹೋಗುತ್ತೇನೆ. ಅಮ್ಮ ಬುಟ್ಟಿಯಡಿಗೆ ಬಟ್ಟೆಯ ಸಿಂಬಿ ಸುತ್ತುತ್ತಿದ್ದವಳು ನಿಲ್ಲಿಸಿದಳು.

"ಮಧ್ಯಾಹ್ನದವರೆಗೆ ಬಾಯಿ ಮುಚ್ಕಂಡು ಅಂಗಡೀಲಿ ಕೂತ್ಕೋ. ಇವತ್ತು ನಾ ಒಳಗೆ ಹೋಗಿ ನೋಡ್ತೆ," ಎಂದಳು.

ಕೂತೆ. ಮತ್ತೇನು ಮಾಡಲಿ? ಹನ್ನೆರಡು ಗಂಟೆಗೆ ಓಣಿಯ ತುದಿಯಲ್ಲಿ ಅವಳು ಕಂಡಳು. ಬುಟ್ಟಿ ಸೊಂಟದ ಮೇಲಿತ್ತು. ಬಂದವಳೇ ಅಂಗಡಿಯ ಮೆಟ್ಟಿಲ ಮೇಲೆ ಕುಕ್ಕರಿಸಿ, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಗು. ನೀರು ಕುಡಿಸಿ ಸಮಾಧಾನ ಮಾಡಿದ ಮೇಲೆ ಹೇಳಿದಳು.

ಬಾವಿಕಟ್ಟೆಯಲ್ಲಿ ಕೈಕಾಲು ಉಜ್ಜಿ ತೊಳೆದು ಒಳಗೆ ಹೋದಳಂತೆ. ಬಾಣಂತಿ ಮಂಚದ ಮೇಲೆ. ಮಂಚದ ಕೆಳಗೆ ನಿಗಿನಿಗಿ ಕೆಂಡದ ಅಗ್ಗಿಷ್ಟಿಕೆ. ಮೂಲೆಯಲ್ಲಿ ಇನ್ನೊಂದು ಅಗ್ಗಿಷ್ಟಿಕೆ, ಅದರ ಮೇಲೆ ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಕೂಸಿನ ಬಟ್ಟೆ ಹರಡಿ, ಲೋಬಾನದ ಹೊಗೆ ಹಿಡಿಸುತ್ತಿದ್ದಾರೆ. ಪಕ್ಕದಲ್ಲಿ ಹಬೆಯಾಡುವ ಬಿಸಿನೀರಿನ ಹಂಡೆ. ಕೂಸು ನೋಡಲು ಬಂದ ನೆಂಟರು, ಓಣಿಯವರು. ಅಮ್ಮ ಮೀನು ಎಣಿಸುವ ಹಾಗೆ ಐದೈದಾಗಿ ಎಣಿಸಿದಳಂತೆ, ಎರಡು ಐದು, ಮೇಲೊಂದು. ಬಾಗಿಲಿಗೆ ಬರೀ ಪರದೆ, ಮಕ್ಕಳು ಒಳಗೆ ಹೊರಗೆ ಓಡುತ್ತಿದ್ದಾರೆ. ಇಷ್ಟರ ನಡುವೆ ಕಿಟಕಿಯಲ್ಲಿ ನನ್ನ ಒಂದು ಟನ್ನು ಗೊರಗೊರ ಅನ್ನುತ್ತಿದೆ.

ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕಲು ಬರುತ್ತಿದ್ದ ಒಬ್ಬ ಮುದುಕಿ ಇದ್ದಳು, ಆ ಕೋಣೆಯಲ್ಲಿ ಅವಳದೇ ಕಾರುಬಾರು. ಯಂತ್ರದಿಂದ ತಣ್ಣನೆ ಗಾಳಿ ಬರುತ್ತಿದೆ, ಕೂಸಿನ ನೆತ್ತಿಗೆ ಶೀತ ಹತ್ತೀತು ಎಂದು ಅವಳು ಕೆಂಡ ಒಂದು ಹಿಡಿ ಜಾಸ್ತಿ ಹಾಕುತ್ತಿದ್ದಳು. ಕೋಣೆ ಸೆಕೆಯಾಯಿತು ಎಂದು ಹಿರಿಯಮ್ಮ ಬಂದು ಯಂತ್ರದ ಗುಂಡಿಯನ್ನು ಒಂದು ಮನೆ ಮುಂದೆ ತಿರುಗಿಸುತ್ತಿದ್ದರು. ಗಾಳಿ ಇನ್ನೂ ತಣ್ಣಗಾಯಿತು ಎಂದು ಮುದುಕಿ ಇನ್ನೊಂದು ಹಿಡಿ ಕೆಂಡ. ನಾನು ಹೊರಗಿನಿಂದ ಫಿಲ್ಟರು ತೊಳೆದು ಯಂತ್ರವನ್ನು ಚುರುಕು ಮಾಡಿದಷ್ಟೂ ಒಳಗೆ ಕೆಂಡ ಏರುತ್ತಿತ್ತು. ಮೂರು ದಿನದಿಂದ ಒಂದೇ ಕೋಣೆಯಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ಕುಸ್ತಿ ನಡೆದಿತ್ತು, ಮನೆಯವರು ಪ್ರತಿಯೊಬ್ಬರೂ ಒಂದೊಂದು ಬದಿಯನ್ನು ಮಾತ್ರ ನೋಡುತ್ತಿದ್ದರು. ಎರಡೂ ಯಾಕೆ ಎಂದು ಅಮ್ಮ ಕೇಳಿದ್ದಕ್ಕೆ ಮುದುಕಿ, ಯಂತ್ರ ಅದರ ಕೆಲಸ ಮಾಡಲಿ, ಕೆಂಡ ಅದರ ಕೆಲಸ ಮಾಡಲಿ ಎಂದಳಂತೆ.

ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ಮುಗಿದಾಗ ಅಮ್ಮ ನನ್ನನ್ನೇ ನೋಡುತ್ತಿದ್ದಳು.

"ಅವತ್ತು ಇದನ್ನೇ ಹೇಳೂಕೆ ಬಂದದ್ದು ನಾನು. ನೀ ಬಾಯಿ ಮುಚ್ಚಿಸ್ದೆ," ಅಂದಳು.

ನಾಚಿಕೆಯಾಯಿತು. ಈಗ ಬರೆಯುವಾಗಲೂ ಆಗುತ್ತದೆ. ಇಪ್ಪತ್ತು ವರ್ಷ ಆ ಮನೆಗಳ ಹಿತ್ತಿಲಲ್ಲಿ ಕೂತವಳು ಅವಳು. ಎಷ್ಟು ಬಾಣಂತನ ಕಂಡಿದ್ದಾಳೋ. ನಾನು ಅವಳಿಂದ ತೆಗೆದುಕೊಂಡದ್ದು ಎರಡು ತುಂಡು ದಾರ ಮಾತ್ರ.

ಪೆನ್ಸಿಲ್ಲು ತೆಗೆದು ಮತ್ತೆ ಲೆಕ್ಕ ಹಾಕಿದೆ. ಎರಡು ಅಗ್ಗಿಷ್ಟಿಕೆ, ಬಿಸಿನೀರು, ಹನ್ನೊಂದು ಜನ, ತೆರೆದ ಬಾಗಿಲು. ಇದಕ್ಕೆ ಎರಡು ಟನ್ನೂ ಸಾಲದು. ಸಾಕಾಗುವಷ್ಟು ದೊಡ್ಡದು ತಂದರೂ ಮುದುಕಿ ಬಿಡುವವಳಲ್ಲ, ಎರಡು ಗೋಣಿ ಇದ್ದಿಲು ತರಿಸಿಯಾಳು. ಯಂತ್ರದ ಅಳತೆ ಬದಲಿಸಿ ಉಪಯೋಗವಿಲ್ಲ, ಕೋಣೆಯ ಒಳಗಿನದು ಬದಲಾಗಬೇಕು. ನಾನು ಇದನ್ನೆಲ್ಲ ವಿವರಿಸಲು ಶುರು ಮಾಡಿದಾಗ ಅಮ್ಮ ಕೈ ಅಡ್ಡ ಹಿಡಿದು, ಅಲ್ಲಿ ಟನ್ನು ಗಿನ್ನು ಹೇಳಬೇಡ, ಹೊಗೆಯ ಸುದ್ದಿ ಹೇಳು ಎಂದಳು. ಬಾಣಂತಿಗೆ ಎರಡು ದಿನದಿಂದ ತಲೆನೋವಿತ್ತಂತೆ. ಅದು ನನಗೆ ಹೊಳೆದೇ ಇರಲಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬಾರದು, ತಲೆನೋವಷ್ಟೇ ಅಲ್ಲ, ಜೀವಕ್ಕೇ ಅಪಾಯ ಎಂದು ಹೇಳಿದೆ. ಅಮ್ಮನ ಮುಖದ ನಗು ಹೋಯಿತು. ಕೂತಲ್ಲಿಂದ ಎದ್ದು ಅದೇ ಕಾಲಲ್ಲಿ ತಿರುಗಿ ಆ ಮನೆಗೆ ನಡೆದಳು, ಹಿಂದೆ ನಾನು.

ನಾನು ಹೊರಗಿನ ಜಗಲಿಯಲ್ಲಿ, ಅಮ್ಮ ಒಳಗೆ. ನಡುವೆ ಅವಳೇ ಟಪಾಲು. ಮುದುಕಿಯ ಷರತ್ತು ಒಂದೇ, ಕೂಸಿನ ಮೇಲೆ ತಣ್ಣನೆ ಗಾಳಿ ಬೀಳಬಾರದು. ನ್ಯಾಯವಾದ ಮಾತು. ಯಂತ್ರದ ಬಾಯಿಯ ಪಟ್ಟಿಗಳನ್ನು ಮೇಲಕ್ಕೆ ತಿರುಗಿಸಿ, ಗಾಳಿ ಮುಚ್ಚಿಗೆಗೆ ತಾಗಿ ಇಳಿಯಲಿ, ಗುಂಡಿಯನ್ನು ಮಧ್ಯಕ್ಕೆ ತನ್ನಿ ಎಂದು ಹೇಳಿ ಕಳಿಸಿದೆ. ಅಗ್ಗಿಷ್ಟಿಕೆ ಎರಡೂ ಆಚೆ ಪಡಸಾಲೆಗೆ ಹೋದವು. ಕೂಸಿನ ಬಟ್ಟೆ ಅಲ್ಲೇ ಬೆಚ್ಚಗಾಗಿ, ಲೋಬಾನ ಹಿಡಿಸಿಕೊಂಡು, ಮ‌ಡಚಿ ಒಳಗೆ ಬರುವುದು. ಬಿಸಿನೀರು ಬಚ್ಚಲಲ್ಲೇ. ಕೂಸು ನೋಡಲು ಬಂದವರು ಇಬ್ಬಿಬ್ಬರು ಮಾತ್ರ ಒಳಗೆ, ಬಾಗಿಲು ಹಾಕಿಕೊಂಡು. ನೆಂಟರಿಗೆ ಇದನ್ನು ಹೇಳುವ ಧೈರ್ಯ ಯಾರಿಗಿದೆ ಎಂದು ನಾನು ಹೆದರಿದ್ದೆ. ಹಿರಿಯಮ್ಮ ತಮ್ಮ ಕುರ್ಚಿಯನ್ನೇ ತಂದು ಬಾಣಂತಿ ಕೋಣೆಯ ಬಾಗಿಲಿಗೆ ಹಾಕಿಸಿ ಕೂತರಂತೆ. ಆ ಮೂಗು ದಾಟಿ ಒಳಗೆ ಹೋಗುವವರು ಯಾರು?

ನಾನು ಓಣಿಗೆ ಹೋಗಿ ಯಂತ್ರದ ಕೆಳಗೆ ನಿಂತೆ. ಬಟ್ಟೆ ಅಂಗಡಿಯವರೂ ಬಂದು ಪಕ್ಕದಲ್ಲಿ ನಿಂತರು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಹಿಂದಿನ ನಳಿಗೆಯಿಂದ ನೀರು ತೊಟ್ಟಿಕ್ಕತೊಡಗಿತು, ಆಮೇಲೆ ಸಣ್ಣಗೆ ಹರಿಯಿತು. ಅಡುಗೆಯವಳು ಬಕೆಟು ತಂದಿಟ್ಟಳು. ಬಿಸಿಲು ಇಳಿಯುವ ಹೊತ್ತಿಗೆ ಮೇಲೆ 'ಟಕ್' ಎಂದಿತು. ಮೂರು ದಿನದಿಂದ ಉಸಿರು ಬಿಡದೆ ಓಡುತ್ತಿದ್ದ ಕಂಪ್ರೆಸರು ನಿಂತಿತು. ಬಟ್ಟೆ ಅಂಗಡಿಯವರು ಗಾಬರಿಯಿಂದ, ಕೆಟ್ಟಿತೇ ಎಂದು ಕೇಳಿದರು. ಇಲ್ಲ ಸಾಹೇಬರೇ, ಕೋಣೆ ತಣ್ಣಗಾಯಿತು, ಅದಕ್ಕೆ ನಿಂತಿತು ಎಂದೆ. ಅವರು ನನ್ನ ಭುಜ ಹಿಡಿದು ಜಗ್ಗಿದ ರಭಸಕ್ಕೆ ಬಕೆಟು ಉರುಳಿ ಇಬ್ಬರ ಚಪ್ಪಲಿಯೂ ಒದ್ದೆಯಾಯಿತು. ಬಕೆಟಿನ ನೀರು ಐಸಿನಷ್ಟು ತಣ್ಣಗಿತ್ತು. ನಾವಿಬ್ಬರೂ ಹುಚ್ಚರ ಹಾಗೆ ನಗುತ್ತ ಅದರಲ್ಲೇ ನಿಂತಿದ್ದೆವು.

ಸುದ್ದಿ ಹರಡಲು ಎರಡು ದಿನ ಸಾಕಾಯಿತು. ಮಳೆ ಬರುವ ಮೊದಲೇ ಮೂರು ಮನೆಯವರು ಕರೆ ಕಳಿಸಿದರು. ಮೂವರೂ ಹೇಳಿದ್ದು ಒಂದೇ, ಮೊದಲು ನಿನ್ನ ತಾಯಿ ಬಂದು ಕೋಣೆ ನೋಡಲಿ, ಆಮೇಲೆ ನೀನು ಟನ್ ಹೇಳು. ನನಗೆ ಸ್ವಲ್ಪ ಉರಿದದ್ದು ನಿಜ, ಆರು ವರ್ಷ ಕಲಿತವನು ನಾನು. ಆದರೆ ಅಮ್ಮ ಬಂದು ಹೇಳುವುದನ್ನೆಲ್ಲ ಈಗ ಬೆಂಚಿನ ಮೇಲೆ ಕೂತು ಬರೆದುಕೊಳ್ಳುತ್ತಿದ್ದೆ. ಈ ಮನೆಯಲ್ಲಿ ಪಕ್ಕದ ಗೋಡೆಗೇ ಅಡುಗೆ ಒಲೆ ಇದೆ. ಈ ಕೋಣೆಯ ಗೋಡೆ ಮಾಡಿನವರೆಗೆ ಹೋಗುವುದಿಲ್ಲ, ಮೇಲೆ ತೆರೆದಿದೆ, ನೀನು ತಣ್ಣಗೆ ಮಾಡುವುದು ಇಡೀ ಮನೆಯನ್ನು. ಈ ಮುದುಕರಿಗೆ ಕೆಮ್ಮು, ಕಿಟಕಿ ಹಾಕಲು ಬಿಡುವುದಿಲ್ಲ, ಇಲ್ಲಿ ಏಸಿ ಬೇಡವೇ ಬೇಡ, ಒಂದು ಒಳ್ಳೆಯ ಫ್ಯಾನು ಸಾಕು. ಆ ಮುದುಕರಿಗೆ ನಾನು ಫ್ಯಾನೇ ಹಾಕಿಕೊಟ್ಟೆ.

ಕೂಸಿಗೆ ನಲವತ್ತು ದಿನವಾದಾಗ ನನ್ನನ್ನು ಆ ಮನೆಯ ಜಗಲಿಗೆ ಕರೆದು ಊಟ ಹಾಕಿದರು. ಕೈ ತೊಳೆದು ಕೂತಿದ್ದೆ, ಒಳಬಾಗಿಲಿನ ಪರದೆಯ ಹಿಂದಿನಿಂದ ಹಿರಿಯಮ್ಮನ ಸ್ವರ ಬಂತು. ಅವರು ನನ್ನ ಜೊತೆ ಮಾತಾಡಿದ್ದು ಅದೇ ಮೊದಲು. ಅವರ ಭಾಷೆಯ ಮಾತು ಅಲ್ಲಲ್ಲಿ ಸೇರಿದ ಕನ್ನಡ.

"ಯಂತ್ರ ಬರೂಕೂ ಮೊದ್ಲೇ ನಿನ್ನ ತಾಯಿ ನನ್ನ ಹತ್ರ ಒಂದು ಮಾತು ತಕಂಡಿದ್ಲು. ಏನಾದ್ರೂ ಹೆಚ್ಚು ಕಡಿಮೆ ಆದ್ರೆ ಹಿತ್ತಿಲ ಬಾಗಿಲಲ್ಲಿ ನಂಗೆ ಬೈರಿ, ಬಜಾರಲ್ಲಿ ಅವಂಗೆ ಬೈಬ್ಯಾಡಿ, ಅವ ಊರಲ್ಲಿ ಉಳೀಬೇಕು ಅಂತ. ನನ್ನ ತಮ್ಮನ ಬಾಯಿನೂ ನಾನೇ ಕಟ್ಟಿಟ್ಟೆ. ಮೂರು ದಿನ ಬೈದೆ ಅವಳಿಗೆ. ತಲೆ ತಗ್ಗಿಸಿ ಮೀನು ಕೊಯ್ತಾ ಕೇಳಿದ್ಲು."

ಆಗಲಿ ಅಮ್ಮ ಎಂದು ಎದ್ದು ಬಂದೆ. ಮಾವಳ್ಳಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಮುಖ ಮಾಡಿ ಕೂತಿದ್ದೆ. ಸಂಜೆ ಬಂದು ಕೂಸಿನ ಮೂಗಿನ ಸುದ್ದಿ ಹೇಳಿ ನಗುತ್ತಿದ್ದಳಲ್ಲ, ಅದೇ ಮಧ್ಯಾಹ್ನ ಬೈಸಿಕೊಂಡು ಬಂದವಳು! ನನಗೆ ಅಳುವೂ ಬಂತು, ಅವಳನ್ನು ಎತ್ತಿ ತಿರುಗಿಸಬೇಕು ಅನ್ನುವಷ್ಟು ಸಂತೋಷವೂ ಬಂತು.

ಅಮ್ಮ ಬಾಗಿಲ ಮುಂದೆ ಕೂತು ಒಣಮೀನು ಆರಿಸುತ್ತಿದ್ದಳು. ನಾನು ನಿಂತಲ್ಲೇ, ಇನ್ನು ಮುಂಬಯಿಗೆ ಹೋಗುವುದಿಲ್ಲ, ಇಲ್ಲೇ ಇರುತ್ತೇನೆ ಎಂದು ಹೇಳಿದೆ. ಅವಳು ತಲೆ ಎತ್ತದೆ ಆತು ಅಂದಳು. ಪಕ್ಕದಲ್ಲಿ ಕೂತೆ. ನನಗಾಗಿ ಮೂರು ದಿನ ಬೈಸಿಕೊಂಡೆಯಂತಲ್ಲ ಅಮ್ಮ, ಹಿರಿಯಮ್ಮ ಹೇಳಿದರು ಎಂದೆ.

ಅವಳ ಕೈ ನಿಂತಿತು.

"ಮೂರು ದಿನ ಅಂದ್ರಾ ಅವರು? ಎರಡೇ ದಿನ. ಮೂರನೇ ದಿನ ಬೈದದ್ದು ನಾನು."